ಸಿಂಕಿನ ಕೆಳಗಿನ ಬಾಟಲಿಗಳಲ್ಲಿ ಮೊದಲು ಯಾವುದನ್ನು ಹೊರಗೆ ಹಾಕಲಿ?

ಅಂಬೆಗಾಲು:

ಮಗಳು ಅಂಬೆಗಾಲಿಡಲು ಶುರು ಮಾಡಿದಾಗಿನಿಂದ ನಾನು ಮನೆಯನ್ನು ಮೊಣಕಾಲೆತ್ತರದಿಂದ ನೋಡುತ್ತಿದ್ದೇನೆ. ಅವಳ ಕೈ ನೆಲಕ್ಕೆ ತಾಗಿದ ಮರುಗಳಿಗೆಯೇ ಬಾಯಲ್ಲಿರುತ್ತದೆ. ಮಾವನವರಿಗೆ ಉಬ್ಬಸ. ನೆಲ ಒರೆಸಿದ ದಿನ ಅವರು ಕೆಮ್ಮುತ್ತಾ ಹೊರಗೆ ಹೋಗಿ ಕೂರುತ್ತಾರೆ.

ನಿನ್ನೆ ಸಿಂಕಿನ ಕೆಳಗಿನ ಕಪಾಟು ಖಾಲಿ ಮಾಡಿ ಇದ್ದುದನ್ನೆಲ್ಲ ಸಾಲಾಗಿ ಇಟ್ಟೆ. ನೆಲಕ್ಕೆ ಒಂದು ದ್ರಾವಣ, ಗಾಜಿಗೆ ನೀಲಿ ಸ್ಪ್ರೇ, ಒಲೆಯ ಜಿಡ್ಡಿಗೆ ಇನ್ನೊಂದು ಸ್ಪ್ರೇ, ಶೌಚಾಲಯಕ್ಕೆ ಸೊಟ್ಟ ಕುತ್ತಿಗೆಯ ಬಾಟಲಿ, ಬ್ಲೀಚ್, ಫಿನಾಯಿಲ್, ಪಾತ್ರೆ ತೊಳೆಯುವ ದ್ರವ, ‘ಬ್ಯಾಕ್ಟೀರಿಯಾ ನಾಶಕ’ ಎಂದು ಬರೆದಿರುವ ಕೈಸೋಪು, ಇರುವೆ ಜಿರಳೆಗಳಿಗೆ ಹೊಡೆಯುವ ಡಬ್ಬಿ. ಹಜಾರದಲ್ಲಿ ಪ್ಲಗ್ಗಿಗೆ ಸಿಕ್ಕಿಸಿದ ಪರಿಮಳದ ಯಂತ್ರವಿದೆ. ಬಟ್ಟೆಯ ಕಪಾಟಿನಲ್ಲಿ ನುಸಿಗುಳಿಗೆ ಇದೆ. ಸಂಜೆಯಾದರೆ ಸೊಳ್ಳೆಬತ್ತಿ ಬೇರೆ.

‘ವಿಷಮುಕ್ತ ಮನೆ’ ಎಂಬ ಹೆಸರಿನ ಪಟ್ಟಿಗಳನ್ನು ಓದಿ ಓದಿ ತಲೆ ಚಿಟ್ಟು ಹಿಡಿದಿದೆ. ಒಂದು ಪಟ್ಟಿ ಬಾಣಲೆ ಎಸೆಯಿರಿ ಎನ್ನುತ್ತದೆ, ಇನ್ನೊಂದು ಪ್ಲಾಸ್ಟಿಕ್ ಡಬ್ಬಿಗಳೆಲ್ಲವನ್ನೂ ಎಸೆಯಿರಿ ಎನ್ನುತ್ತದೆ, ಮತ್ತೊಂದು ಪರದೆಯಿಂದ ಹಾಸಿಗೆಯವರೆಗೆ ಎಲ್ಲವನ್ನೂ ಬದಲಿಸಲು ಹೇಳಿ, ಕೊನೆಯಲ್ಲಿ ತಾನು ಮಾರುವ ‘ಹಸಿರು’ ಬಾಟಲಿಗಳನ್ನು ತೋರಿಸುತ್ತದೆ. ಹಣವೂ ಸಮಯವೂ ನನ್ನ ಬಳಿ ಅಳತೆಯಲ್ಲಿಯೇ ಇವೆ. ಯಾವುದು ನಿಜವಾಗಿ ತೊಂದರೆ ಕೊಡುತ್ತದೆ, ಯಾವುದು ಬರೀ ಗುಲ್ಲು? ಯಾವುದರಿಂದ ಶುರು ಮಾಡಲಿ? ತಿಳಿದವರು ಹೇಳಿ.


ನಿಂಬೆಸಿಪ್ಪೆ:

ಯೋಚನೆ ಯಾಕೆ? ಎಲ್ಲವನ್ನೂ ಹೊರಗೆ ಹಾಕಿ! ನಮ್ಮ ಮನೆಯಲ್ಲಿ ಈಗ ಇರುವುದು ವಿನೆಗರ್ ಮತ್ತು ಅಡುಗೆ ಸೋಡಾ ಮಾತ್ರ. ಎರಡನ್ನೂ ಬೆರೆಸಿದರೆ ಬುಸ್ಸೆಂದು ನೊರೆ ಏಳುತ್ತದಲ್ಲ, ಆ ನೊರೆ ಕೊಳೆಯನ್ನು ಕಿತ್ತು ತರುತ್ತದೆ. ನೆಲಕ್ಕೆ ಬಯೋಎಂಜೈಮ್ ಮಾಡಿಕೊಳ್ಳಿ. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಮುಚ್ಚಿಟ್ಟು ಸೋಸಿದರೆ ಆಯಿತು. ಮೊದಲ ತಿಂಗಳು ದಿನವೂ ಮುಚ್ಚಳ ತೆರೆದು ಗಾಳಿ ಬಿಡಲು ಮರೆಯಬೇಡಿ, ಇಲ್ಲವಾದರೆ ಬಾಟಲಿ ಉಬ್ಬಿ ಸಿಡಿಯುತ್ತದೆ. ಗಾಳಿ ಶುದ್ಧವಾಗಲು ಕೋಣೆಗೊಂದು ಕುಂಡ ಇಡಿ. ನಾಸಾದವರೇ ಪರೀಕ್ಷಿಸಿ ಹೇಳಿದ್ದಾರೆ. ಪ್ರಕೃತಿಯಲ್ಲಿ ಎಲ್ಲಕ್ಕೂ ಮದ್ದಿದೆ.


ಹಳೆಯ ಬೀಕರು:

ಅಂಬೆಗಾಲು ಅವರೇ, ಮನೆ ಶುಚಿ ಮಾಡುವ ದ್ರಾವಣಗಳ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಮಾಡಿ ನಿವೃತ್ತಳಾದವಳು ನಾನು. ನೀವು ಸಾಲಾಗಿ ಇಟ್ಟಿರುವ ಬಾಟಲಿಗಳ ಬಗೆಗಳಲ್ಲಿ ಹೆಚ್ಚಿನವು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತಿದ್ದಾಗ ಓದಿ.

ಮೊದಲು ಅವಸರದ ಮಾತು. ಹುರುಪಿನಲ್ಲಿ ಎಲ್ಲವನ್ನೂ ಒಟ್ಟಿಗೆ ಶೌಚಾಲಯಕ್ಕೆ ಸುರಿಯಬೇಡಿ. ಸೊಟ್ಟ ಕುತ್ತಿಗೆಯ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಬ್ಲೀಚ್ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬಾಗಿಲು ಮುಚ್ಚಿದ ಪುಟ್ಟ ಬಚ್ಚಲಲ್ಲಿ, ಉಬ್ಬಸ ಇರುವವರ ಮನೆಯಲ್ಲಿ, ಇದು ಆಟದ ಮಾತಲ್ಲ. ವಿನೆಗರ್ ಕೂಡ ಆಮ್ಲವೇ, ಬ್ಲೀಚಿನ ಜೊತೆ ಅದೂ ಇದೇ ಕೆಲಸ ಮಾಡುತ್ತದೆ. ನೀಲಿ ಗಾಜಿನ ಸ್ಪ್ರೇಗಳಲ್ಲಿ ಕೆಲವದರಲ್ಲಿ ಅಮೋನಿಯಾ ಇರುತ್ತದೆ. ಅದು ಬ್ಲೀಚಿಗೆ ಸೇರಿದರೆ ಕ್ಲೋರಮೀನ್ ಹುಟ್ಟಿ ಕಣ್ಣು ಗಂಟಲು ಉರಿಯುತ್ತವೆ. ಮನೆಯೊಳಗೆ ಒಂದೇ ದಿನದಲ್ಲಿ ಒಬ್ಬರನ್ನು ಆಸ್ಪತ್ರೆಗೆ ಸೇರಿಸಬಲ್ಲದ್ದು ಈ ಬೆರಕೆ. ಪಟ್ಟಿಗಳಲ್ಲಿ ಕಾಣುವ ಇತರ ಭಯಗಳೆಲ್ಲ ಇದರ ನಂತರ.

ಈಗ ಬಾಟಲಿಯೊಳಗಿನ ಗುಟ್ಟು. ನೆಲದ್ದು, ಟೈಲ್ಸಿನದು, ಪಾತ್ರೆಯದು ಎಂದು ಬೇರೆ ಬೇರೆ ಹೆಸರಿನಲ್ಲಿ ಕೊಳ್ಳುವ ದ್ರವಗಳಲ್ಲಿ ಬಹುಪಾಲು ನೀರು. ಅದರಲ್ಲಿ ಜಿಡ್ಡನ್ನು ನೀರಿಗೆ ಬೆರೆಸುವ ಮಾರ್ಜಕ, ಸ್ವಲ್ಪ ಬಣ್ಣ, ಸ್ವಲ್ಪ ಪರಿಮಳ, ಕೆಡದಂತೆ ಇಡುವ ರಾಸಾಯನಿಕ. ಪಾತ್ರೆಯ ದ್ರವ ಗಟ್ಟಿಯಾಗಿದ್ದರೆ ಶಕ್ತಿಯೂ ಹೆಚ್ಚು ಎಂದು ಜನ ನಂಬಿದ್ದಾರೆ. ಆ ಗಟ್ಟಿತನ ಬರುವುದು ಹಲವು ಸಲ ಉಪ್ಪಿನಿಂದ, ಅಡುಗೆಗೆ ಹಾಕುವ ಅದೇ ಸೋಡಿಯಂ ಕ್ಲೋರೈಡ್‌ನಿಂದ! ಪ್ರಯೋಗಾಲಯದಲ್ಲಿ ಮಾರ್ಜಕದ ತೆಳು ದ್ರಾವಣಕ್ಕೆ ಉಪ್ಪುನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆವು. ಕಲಕುವ ದಂಡ ಸಲೀಸಾಗಿ ತಿರುಗುತ್ತಿದ್ದದ್ದು ಬರಬರುತ್ತಾ ತಿಣುಕಲು ಶುರು ಮಾಡುತ್ತದೆ, ಬೀಕರಿನಲ್ಲಿ ಲೋಳೆ ನಿಲ್ಲುತ್ತದೆ. ಇನ್ನೂ ಉಪ್ಪು ಹಾಕಿದರೆ ಒಮ್ಮೆಲೇ ಎಲ್ಲವೂ ಮತ್ತೆ ನೀರು. ಆ ಗಡಿಯ ಈಚೆ ನಿಲ್ಲಿಸಿದರೆ ಗಿರಾಕಿಗೆ ಸಮಾಧಾನ. ಮಾರ್ಜಕ ಒಂದು ಹನಿಯೂ ಹೆಚ್ಚಾಗಿರುವುದಿಲ್ಲ. ಫಿನಾಯಿಲ್ ನೀರಿಗೆ ಬಿದ್ದೊಡನೆ ಹಾಲಾಗುವುದೂ ಹೀಗೆಯೇ. ಎಣ್ಣೆಯ ಸಣ್ಣ ಹನಿಗಳು ಬೆಳಕನ್ನು ಚೆದುರಿಸುವುದರಿಂದ ಬಿಳಿ ಕಾಣುತ್ತದೆ, ಅಷ್ಟೇ. ಬಿಳುಪಿಗೂ ರೋಗಾಣುಗಳಿಗೂ ಏನೇನೂ ಸಂಬಂಧವಿಲ್ಲ. ನೊರೆಯ ಕಥೆಯೂ ಇಷ್ಟೇ.

ಹಾಗಾಗಿ ನನ್ನ ಸಲಹೆ ಬದಲಿಸುವುದರ ಬಗ್ಗೆ ಅಲ್ಲ, ಕಳೆಯುವುದರ ಬಗ್ಗೆ. ಹತ್ತು ಬಾಟಲಿಗಳ ಜಾಗಕ್ಕೆ ಹತ್ತು ‘ಹಸಿರು’ ಬಾಟಲಿಗಳು ಬಂದರೆ ಅಂಗಡಿಯವನಿಗೆ ಲಾಭ. ಯಾವುದನ್ನು ಮೊದಲು ಕಳೆಯಬೇಕು ಎಂದರೆ, ಉಸಿರಿನಲ್ಲಿ ಒಳಗೆ ಹೋಗುವುದನ್ನು. ತೊಳೆದು ಹೋಗುವ ಸೋಪಿಗಿಂತ ದಿನವಿಡೀ ಶ್ವಾಸಕೋಶಕ್ಕೆ ಇಳಿಯುವ ಆವಿ ನಿಮ್ಮ ಮಾವನವರಿಗೆ ಹೆಚ್ಚು ತಾಗುತ್ತದೆ.

ಆ ಪ್ಲಗ್ಗಿನ ಪರಿಮಳದ ಯಂತ್ರವನ್ನು ಈ ಪತ್ರ ಓದಿ ಮುಗಿಸುವ ಮೊದಲೇ ಕಿತ್ತಿಡಿ. ಅದು ಏನನ್ನೂ ಶುಚಿ ಮಾಡುವುದಿಲ್ಲ, ಕೆಟ್ಟ ವಾಸನೆಯನ್ನೂ ತೆಗೆಯುವುದಿಲ್ಲ. ಇನ್ನೊಂದು ವಾಸನೆಯನ್ನು ಅದರ ಮೇಲೆ ಹೊದಿಸುತ್ತದೆ. ಲೇಬಲ್ ಮೇಲೆ ‘ಸುಗಂಧ’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು, ಅವನ್ನು ಬಿಡಿಬಿಡಿಯಾಗಿ ಹೇಳಬೇಕೆಂಬ ಕಟ್ಟುಪಾಡು ಹೆಚ್ಚಿನ ಕಡೆ ಇಲ್ಲ. ನಿಂಬೆ, ಕಿತ್ತಳೆ ವಾಸನೆ ಕೊಡುವ ಲಿಮೊನೀನ್ ಎಂಬುದನ್ನೇ ನೋಡಿ. ಗಾಳಿಯಲ್ಲಿರುವ ಓಝೋನ್ ಜೊತೆ ಅದು ವರ್ತಿಸಿ ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳನ್ನು ಹುಟ್ಟಿಸುತ್ತದೆ. ಆ ಲಿಮೊನೀನ್ ಕಾರ್ಖಾನೆಯಿಂದ ಬಂತೋ ಹಣ್ಣಿನ ಸಿಪ್ಪೆಯಿಂದ ಬಂತೋ ಎಂಬುದು ಓಝೋನಿಗೆ ಗೊತ್ತಾಗುವುದಿಲ್ಲ. ನಿಂಬೆಸಿಪ್ಪೆ ಅವರು ಬೇಸರಿಸಬಾರದು.

ಎರಡನೆಯದು ನುಸಿಗುಳಿಗೆ. ಅದರಲ್ಲಿ ನ್ಯಾಫ್ತಲೀನ್ ಇರುತ್ತದೆ, ಇಲ್ಲವೇ ಪ್ಯಾರಾಡೈಕ್ಲೋರೋಬೆಂಜೀನ್. ಎರಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರಬಹುದಾದವು’ ಎಂಬ 2ಬಿ ಗುಂಪಿನಲ್ಲಿ ಇಟ್ಟಿದೆ. ಗುಳಿಗೆ ದಿನೇದಿನೇ ಸಣ್ಣದಾಗುತ್ತದಲ್ಲ, ಅದು ಆವಿಯಾಗಿ ಬಟ್ಟೆಗೂ ಕೋಣೆಗೂ ಸೇರುತ್ತಿದೆ ಎಂದೇ ಅರ್ಥ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆಮಕ್ಕಳಿಗೆ ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟ ಬಟ್ಟೆ ಸುತ್ತಿದರೂ ರಕ್ತಕಣಗಳು ಒಡೆದು ಕಾಮಾಲೆಯಾಗುವುದುಂಟು. ಆ ಕೊರತೆ ಇದೆಯೇ ಎಂದು ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ. ನುಸಿಯ ಮರಿಗಳಿಗೆ ಬೆವರು, ಕಲೆ ಇರುವ ಉಣ್ಣೆ ಇಷ್ಟ. ಒಗೆದು, ಬಿಸಿಲಿಗೆ ಒಣಗಿಸಿ, ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟರೆ ಗುಳಿಗೆಯ ಅಗತ್ಯವೇ ಬರುವುದಿಲ್ಲ.

ಮೂರನೆಯದು ಸ್ಪ್ರೇಗಳು. ಅದೇ ದ್ರವ ಬಟ್ಟೆಯ ಮೇಲಿದ್ದರೆ ಒಂದು ರೀತಿ, ಮಂಜಾಗಿ ಗಾಳಿಯಲ್ಲಿ ತೇಲಿದರೆ ಇನ್ನೊಂದು ರೀತಿ. ಇರುವುದನ್ನು ಮುಗಿಸುವವರೆಗೆ ಗಾಜಿನ ಮೇಲೆ ಸಿಂಪಡಿಸದೆ ಬಟ್ಟೆಯ ಮೇಲೆ ಹತ್ತಿರದಿಂದ ಒತ್ತಿಕೊಂಡು ಒರೆಸಿ. ಮುಗಿದ ಮೇಲೆ ಕೊಳ್ಳಬೇಡಿ. ಒದ್ದೆ ಬಟ್ಟೆ, ಬೆನ್ನಿಗೇ ಒಣಬಟ್ಟೆ, ಗಾಜಿಗೆ ಇಷ್ಟು ಸಾಕು.

‘ಬ್ಯಾಕ್ಟೀರಿಯಾ ನಾಶಕ’ ಕೈಸೋಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಮೂಲಿ ಸೋಪಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ ಎಂದು ತಯಾರಕರು ತೋರಿಸಿಕೊಡಲಿಲ್ಲ ಎಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಇಂಥ ಸೋಪುಗಳಿಂದ ತೆಗೆಸಿತು. ಮುಂದಿನ ಸಲ ಸಾದಾ ಸೋಪು ತನ್ನಿ.

ಇನ್ನು ವಿನೆಗರ್ ಮತ್ತು ಸೋಡಾ. ಬೇರೆ ಬೇರೆಯಾಗಿ ಎರಡೂ ಕೆಲಸಗಾರರೇ. ನಲ್ಲಿಯ ಬುಡದಲ್ಲಿ ಗಡಸು ನೀರಿನಿಂದ ಕಟ್ಟುವ ಬಿಳಿ ಸುಣ್ಣವನ್ನು ವಿನೆಗರ್ ಕರಗಿಸುತ್ತದೆ, ಸಿಟ್ರಿಕ್ ಆಮ್ಲ ಇನ್ನೂ ಚೆನ್ನಾಗಿ ಕರಗಿಸುತ್ತದೆ. ಅಂಟಿದ ತಳ ಉಜ್ಜಲು ಅಡುಗೆ ಸೋಡಾ, ಜಿಡ್ಡಿಗೆ ವಾಷಿಂಗ್ ಸೋಡಾ. ವಾಷಿಂಗ್ ಸೋಡಾ ಕಟು ಕ್ಷಾರ, ಕೈಗವಸು ಇರಲಿ. ಆದರೆ ವಿನೆಗರನ್ನು ಸೋಡಾಕ್ಕೆ ಸುರಿದಾಗ ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದು ಮುಗಿಸುತ್ತವೆ. ನೊರೆಯೆಲ್ಲ ಇಂಗಾಲದ ಡೈಆಕ್ಸೈಡ್; ನೊರೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ನೋಡಲು ಚೆಂದ. ಉಜ್ಜುವ ಕೆಲಸ ಮಾತ್ರ ನಿಮ್ಮ ತೋಳಿನದೇ.

ಕುಂಡಗಳ ವಿಷಯ: ನಾಸಾದ ಆ ಪರೀಕ್ಷೆ ನಡೆದದ್ದು ನಿಜ, ವರದಿ ಬಂದದ್ದು 1989ರಲ್ಲಿ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ ನಡೆದ ಪರೀಕ್ಷೆ ಅದು. ಅಂಥ ಪ್ರಯೋಗಗಳ ಲೆಕ್ಕವನ್ನೆಲ್ಲ ಕೂಡಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಮಾಮೂಲಿ ಕಟ್ಟಡದಲ್ಲಿ ಗಾಳಿ ತಾನಾಗಿ ಬದಲಾಗುವುದಕ್ಕೆ ಸರಿಗಟ್ಟಬೇಕಾದರೆ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕು. ಮನೆಯವರು ಎಲ್ಲಿ ನಿಲ್ಲಬೇಕೋ! ಗಿಡ ಇಟ್ಟುಕೊಳ್ಳಿ, ಕಣ್ಣಿಗೆ ತಂಪು. ಗಾಳಿಗಾಗಿ ಎದುರುಬದುರು ಕಿಟಕಿ ತೆರೆಯಿರಿ.

ಕೊನೆಗೆ ಕಪಾಟಿನಲ್ಲಿ ಉಳಿಯಬೇಕಾದದ್ದು: ಪರಿಮಳವಿಲ್ಲದ ಪಾತ್ರೆಯ ದ್ರವ (ಬಕೆಟ್ ನೀರಿಗೆ ಕೆಲವು ಹನಿ ಬಿಟ್ಟರೆ ಅದೇ ನೆಲದ ದ್ರಾವಣವೂ ಹೌದು), ಒಂದು ಸೋಡಾ, ಒಂದು ಆಮ್ಲ. ಬ್ಲೀಚ್ ಇರಲೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು.


ರಾತ್ರಿಪಾಳಿ:

ಬೀಕರು ಮೇಡಂ, ಬ್ಲೀಚ್ ವಿಷಯ ‘ನಿಮಗೆ ಬಿಟ್ಟದ್ದು’ ಎಂದು ಕೈತೊಳೆದುಕೊಂಡದ್ದು ಸರಿಯಲ್ಲ. ನಾನು ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ. ಮನೆಯಲ್ಲಿ ಒಬ್ಬರಿಗೆ ವಾಂತಿಭೇದಿ ಶುರುವಾದರೆ ವಿನೆಗರ್ ನೆಚ್ಚಿಕೊಂಡು ಕೂರಲಾಗದು. ನೊರೋವೈರಸ್‌ಗೆ ಆಲ್ಕೊಹಾಲ್ ಕೂಡ ಸರಿಯಾಗಿ ನಾಟುವುದಿಲ್ಲ, ಬ್ಲೀಚೇ ಬೇಕು. ಸಣ್ಣ ಬಾಟಲಿ ಒಂದಿರಲಿ, ಮಗುವಿಗೆ ಎಟುಕದಷ್ಟು ಎತ್ತರದಲ್ಲಿ.

ಶೇ. 5ರ ಬ್ಲೀಚ್ ಆದರೆ ಒಂದು ಲೀಟರಿಗೆ 20 ಮಿಲಿ ಲೀಟರ್, ಇದು ಶೇ. 0.1ರ ದ್ರಾವಣ, ದಿನನಿತ್ಯದ ಮೇಲ್ಮೈಗಳಿಗೆ ಸಾಕು. ವಾಂತಿ, ರಕ್ತ ಬಿದ್ದ ಜಾಗಕ್ಕೆ ಇದರ ಐದು ಪಟ್ಟು ಗಟ್ಟಿ ಇರಬೇಕು. ಮೊದಲು ಸೋಪು ನೀರಿನಿಂದ ಕೊಳೆ ತೆಗೆಯಬೇಕು, ಕೊಳೆಯ ಮೇಲೆ ಸುರಿದರೆ ಬ್ಲೀಚ್ ಕೊಳೆಯ ಜೊತೆಯೇ ಹೋರಾಡಿ ಸಾಯುತ್ತದೆ. ಹಚ್ಚಿ ಹತ್ತು ನಿಮಿಷ ಬಿಡಿ, ಆಮೇಲೆ ನೀರಿನಿಂದ ಒರೆಸಿ. ಹಚ್ಚಿದ ಕೂಡಲೇ ಒರೆಸಿಬಿಡುವವರೇ ಹೆಚ್ಚು. ಬೆರೆಸಿದ್ದು ಆ ದಿನಕ್ಕೆ ಮಾತ್ರ. ತಣ್ಣೀರಿನಲ್ಲೇ ಬೆರೆಸಿ. ಯಾರಿಗೂ ಹುಷಾರು ತಪ್ಪದಿದ್ದ ದಿನ ಇಡೀ ನೆಲವನ್ನು ಇದರಿಂದ ಒರೆಸುವ ಅಗತ್ಯ ಇಲ್ಲವೇ ಇಲ್ಲ.

ಸೊಳ್ಳೆಬತ್ತಿಯನ್ನು ಯಾರೂ ಮುಟ್ಟಲೇ ಇಲ್ಲ! ಉಬ್ಬಸದ ಮನೆಯಲ್ಲಿ ನನಗೆ ಪರಿಮಳದ ಯಂತ್ರಕ್ಕಿಂತ ಅದರದೇ ಚಿಂತೆ. ಒಂದು ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ಹೇಳಿದೆ. ಕಿಟಕಿಗೆ ಜಾಲರಿ, ಮಲಗುವ ಜಾಗಕ್ಕೆ ಸೊಳ್ಳೆಪರದೆ, ನಿಂತ ನೀರು ಚೆಲ್ಲುವುದು. ಸೊಳ್ಳೆಯಿಂದ ಬರುವ ಜ್ವರಗಳೂ ಸಣ್ಣವಲ್ಲ, ಹಾಗಾಗಿ ಪರದೆ ಕಟ್ಟಿದ ಮೇಲೆಯೇ ಬತ್ತಿ ನಿಲ್ಲಿಸಿ.

‘ಪ್ರಕೃತಿಯಲ್ಲಿ ಎಲ್ಲಕ್ಕೂ ಮದ್ದಿದೆ’ ಎಂಬ ಮಾತಿಗೆ: ಕರ್ಪೂರ ನುಂಗಿ ಸೆಳವು ಬಂದ ಮಕ್ಕಳನ್ನು ನೋಡಿದ್ದೇನೆ. ನೀಲಗಿರಿ ಎಣ್ಣೆಯೂ ಅಷ್ಟೇ, ಸ್ವಲ್ಪವೇ ಕುಡಿದರೂ ಪುಟ್ಟ ಮಗುವಿಗೆ ಜೀವಕ್ಕೆ ಕುತ್ತು. ಗಿಡದಿಂದ ಬಂದದ್ದನ್ನೂ ಬೀಗದೊಳಗೇ ಇಡಿ.


ಗಿಳಿಮನೆ:

ಬಾಣಲೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಗಿಳಿ ಸಾಕುವವರಿಗೆ ಇದು ಬಾಯಿಪಾಠ. ಅಂಟದ ಲೇಪ ಎಂದರೆ ಪಿಟಿಎಫ್‌ಇ. ಸಾಧಾರಣ ಉರಿಯಲ್ಲಿ ಅದು ಸುಮ್ಮನಿರುತ್ತದೆ. ಖಾಲಿ ಬಾಣಲೆಯನ್ನು ದೊಡ್ಡ ಉರಿಯ ಮೇಲೆ ಮರೆತರೆ ಕೆಲವೇ ನಿಮಿಷಗಳಲ್ಲಿ 260 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲ್ಲಿಂದಾಚೆ ಲೇಪ ಒಡೆಯಲು ಶುರುವಾಗುತ್ತದೆ. ಆ ಹೊಗೆಗೆ ಪಂಜರದ ಹಕ್ಕಿಗಳು ಗಳಿಗೆಯಲ್ಲಿ ಸಾಯುತ್ತವೆ. ಮನುಷ್ಯರಿಗೆ ಚಳಿಜ್ವರದಂತೆ ಬಂದು ಹೋಗುತ್ತದೆ. ಲೇಪದ ಚೂರು ಹೊಟ್ಟೆಗೆ ಹೋದರೆ ಜೀರ್ಣವಾಗದೆ ಹಾಗೆಯೇ ಹೊರಬೀಳುತ್ತದೆ, ಅದಕ್ಕೆ ಹೆದರಬೇಡಿ.

ನಿಜವಾದ ಗಲಾಟೆ ಇರುವುದು ಲೇಪ ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕದ ಬಗ್ಗೆ. ಇಂಗಾಲ ಮತ್ತು ಫ್ಲೋರಿನ್‌ನ ಬಂಧ ಎಷ್ಟು ಗಟ್ಟಿ ಎಂದರೆ ಅದು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯುವುದೇ ಇಲ್ಲ. 2019ರಲ್ಲಿ ಅದನ್ನು, ಕೊಳೆಯದೆ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದರು. 2023ರಲ್ಲಿ, ಮೇಲೆ ಹೇಳಿದ ಅದೇ ಕ್ಯಾನ್ಸರ್ ಸಂಸ್ಥೆ ಅದನ್ನು ‘ಕ್ಯಾನ್ಸರ್ ತರುವುದು ಖಚಿತ’ ಎಂಬ ಒಂದನೇ ಗುಂಪಿಗೆ ಹಾಕಿತು. ಹೊಸದು ಕೊಳ್ಳುವಾಗ ಉಕ್ಕಿನದೋ ಎರಕದ ಕಬ್ಬಿಣದ್ದೋ ತನ್ನಿ. ಈಗಿರುವುದನ್ನು ಸಣ್ಣ ಉರಿಯಲ್ಲಿ, ಮರದ ಸಟ್ಟುಗದಿಂದ, ಲೇಪ ಏಳುವವರೆಗೆ ಬಳಸಿ. ಸೋಫಾಕ್ಕೆ ಹೊಡೆಯುವ ‘ಕಲೆ ಹಿಡಿಯದ’ ಸ್ಪ್ರೇಗಳಲ್ಲೂ ಇದೇ ವಂಶದ ರಾಸಾಯನಿಕಗಳು ಇರಬಹುದು, ಅಂಥವು ಬೇಡ.

ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಕೀಟನಾಶಕವನ್ನು ತರಲೇಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲ.


ನಿಂಬೆಸಿಪ್ಪೆ:

ಬೀಕರು ಅವರೇ, ಬೇಸರವೇನಿಲ್ಲ. ಆದರೆ ಬಯೋಎಂಜೈಮ್ ಬಗ್ಗೆ ಒಂದಕ್ಷರ ಬರೆಯದೆ ಜಾರಿಕೊಂಡಿರಿ. ನಮ್ಮ ನೆಲ ಫಳಫಳ ಎನ್ನುತ್ತದೆ, ಅಡುಗೆಮನೆಯ ಕಸವೂ ಕಡಿಮೆಯಾಗಿದೆ. ಇದಕ್ಕೇನು ಹೇಳುತ್ತೀರಿ?


ಹಳೆಯ ಬೀಕರು:

ಕಸ ಕಡಿಮೆಯಾಗುವುದು ನಿಜ, ಅದಕ್ಕೆ ನನ್ನದೂ ಚಪ್ಪಾಳೆ. ಆ ಬಾಟಲಿಯಲ್ಲಿ ಹುಳಿ ಬಂದ ಸಿಪ್ಪೆಯಿಂದ ಮುಖ್ಯವಾಗಿ ಹುಟ್ಟುವುದು ಅಸಿಟಿಕ್ ಆಮ್ಲ, ಅಂದರೆ ಮನೆಯಲ್ಲೇ ಮಾಡಿದ ವಿನೆಗರ್. ಕಿಣ್ವಗಳ ಪಾಲು ಅಲ್ಪ. ವಿನೆಗರ್ ಮಾಡುವ ಕೆಲಸವನ್ನೆಲ್ಲ ಇದೂ ಮಾಡುತ್ತದೆ: ಸುಣ್ಣದ ಕರೆ ತೆಗೆಯುತ್ತದೆ, ವಾಸನೆ ತಗ್ಗಿಸುತ್ತದೆ. ವಿನೆಗರಿನ ದೋಷಗಳೂ ಇದಕ್ಕೆ ಇವೆ. ಅಮೃತಶಿಲೆಯ ನೆಲಕ್ಕೆ ಹಾಕಿದರೆ ಕಲ್ಲೇ ಕರಗಿ ಹೊಳಪು ಹೋಗುತ್ತದೆ, ಯಾಕೆಂದರೆ ಆ ಕಲ್ಲೂ ನಲ್ಲಿಯ ಸುಣ್ಣವೂ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್. ಬ್ಲೀಚಿನ ಹತ್ತಿರವೂ ಸುಳಿಯಬಾರದು. ಸೋಸಿದ ಮೇಲೆ ಬಾಟಲಿಗೆ ಹೆಸರು ಬರೆದು ಅಂಟಿಸಿ, ಬಣ್ಣ ನೋಡಿ ಹಣ್ಣಿನ ರಸ ಎಂದುಕೊಳ್ಳುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಟೈಲ್ಸ್ ನೆಲ ಆಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಸಿ.


ಅಂಬೆಗಾಲು:

ಎಲ್ಲರಿಗೂ ಧನ್ಯವಾದಗಳು. ಪ್ಲಗ್ಗಿನ ಯಂತ್ರ ಮತ್ತು ನುಸಿಗುಳಿಗೆ ಹೊರಗೆ ಹೋದವು. ಸೊಳ್ಳೆಪರದೆಗೆ ಅಳತೆ ತೆಗೆದಿದ್ದೇನೆ. ಇನ್ನು ಕೆಲವು ಪ್ರಶ್ನೆಗಳಿವೆ, ಬೇಸರಿಸದೆ ಉತ್ತರಿಸಿ.

ಮಗಳ ಕೋಣೆಗೆ ಹೊಸ ಕಪಾಟು ಮಾಡಿಸಿದೆವು, ಬಾಗಿಲು ತೆರೆದರೆ ಕಣ್ಣು ಚುರುಗುಟ್ಟುವ ವಾಸನೆ. ಅದೇ ಕೋಣೆಯ ಹಳೆಯ ಕಿಟಕಿಯ ಚೌಕಟ್ಟಿನಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ. ಮನೆಯವರು ಭಾನುವಾರ ಉಜ್ಜುಕಾಗದ ಹಿಡಿದು ತಿಕ್ಕುತ್ತೇನೆ ಎಂದಿದ್ದಾರೆ. ಕೊಳ್ಳುವ ಮೊದಲು ಬಾಟಲಿಯೊಳಗೆ ಏನಿದೆ ಎಂದು ತಿಳಿಯುವುದು ಹೇಗೆ? ಬೇಡವಾದ ಬಾಟಲಿಗಳನ್ನು ಏನು ಮಾಡಲಿ? ಡ್ರಾಯರಿನ ಮೂಲೆಯಲ್ಲಿ ಹಳೆಯ ಗಾಜಿನ ಜ್ವರಮಾಪಕವೂ ಸಿಕ್ಕಿತು. ಮಗಳ ಪ್ಲಾಸ್ಟಿಕ್ ಬಟ್ಟಲುಗಳನ್ನೂ ಎಸೆಯಬೇಕೆ?


ಹಳೆಯ ಬೀಕರು:

ಭಾನುವಾರದ ಕೆಲಸವನ್ನು ಮೊದಲು ತಡೆಯಿರಿ! ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ತಿಕ್ಕಿದರೆ ಆ ಸೀಸ ಹಿಟ್ಟಿನಂಥ ದೂಳಾಗಿ ಕೋಣೆಯಿಡೀ ಹರಡುತ್ತದೆ, ನೆಲಕ್ಕೆ ಇಳಿಯುತ್ತದೆ, ಅಲ್ಲಿಂದ ಮಗುವಿನ ಕೈಗೆ, ಬಾಯಿಗೆ. ಮಗುವಿನ ಮಿದುಳಿಗೆ ಸೀಸದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಪೆಟ್ರೋಲಿನಿಂದ ಸೀಸ ಜಗತ್ತಿನಾದ್ಯಂತ ತೊಲಗಿದ್ದು 2021ರಲ್ಲಿ. ಹಳೆಯ ಗೋಡೆ, ಕಿಟಕಿಗಳಿಂದ ಅದು ತಾನಾಗಿ ತೊಲಗುವುದಿಲ್ಲ. ಆ ಚಕ್ಕೆಯನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಚಕ್ಕೆಗಳನ್ನು ಒತ್ತಿ ತೆಗೆದು, ಚೌಕಟ್ಟಿನ ಮೇಲೆ ಅಗಲದ ಟೇಪು ಅಂಟಿಸಿ, ಮಗಳ ತೊಟ್ಟಿಲನ್ನು ಬೇರೆ ಕೋಣೆಗೆ ಸರಿಸಿ. ಸೀಸವಿದೆ ಎಂದು ತಿಳಿದರೆ ಈ ಬಗೆಯ ಕೆಲಸದ ತರಬೇತಿ ಇರುವವರಿಂದಲೇ ತೆಗೆಸಿ, ಆ ದಿನಗಳಲ್ಲಿ ಮಗು ಆ ಮನೆಯಲ್ಲಿ ಇರಬಾರದು. ಹೊಸ ಬಣ್ಣ ಕೊಳ್ಳುವಾಗ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿಗೆ 90 ಪಾಲು) ಕಡಿಮೆ ಎಂದು ಬರೆದದ್ದನ್ನು ನೋಡಿ ತನ್ನಿ.

ಕಪಾಟಿನ ವಾಸನೆ ಬಹುಶಃ ಫಾರ್ಮಾಲ್ಡಿಹೈಡ್. ಪ್ಲೈವುಡ್, ಮರದ ಪುಡಿ ಒತ್ತಿ ಮಾಡಿದ ಹಲಗೆಗಳನ್ನು ಹಿಡಿದಿಡುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟಿನಿಂದ ಅದು ಹೊರಬರುತ್ತದೆ. ಸೆಕೆ, ತೇವ ಹೆಚ್ಚಾದಷ್ಟೂ ಹೆಚ್ಚು ಬಿಡುತ್ತದೆ. ವಾರಗಳು, ತಿಂಗಳುಗಳು ಕಳೆದಂತೆ ತಗ್ಗುತ್ತದೆ. ಎಲ್ಲ ಬಾಗಿಲು, ಡ್ರಾಯರು ತೆರೆದಿಟ್ಟು ಕಿಟಕಿಯ ಕಡೆಗೆ ಫ್ಯಾನು ಹಾಕಿ. ಬೆರಳಾಡಿಸಿ ನೋಡಿ, ಹಲಗೆಯ ಹಿಂಭಾಗದಲ್ಲಿ, ಕೀಲು ಕೂರಿಸಲು ಕೊರೆದ ಕಡೆ, ಒಳಗಿನ ಅಂಚುಗಳಲ್ಲಿ ಮೆರುಗಿನ ಹಾಳೆ ಅಂಟಿಸದೆ ಹಸಿ ಹಲಗೆ ಬಿಟ್ಟಿರುತ್ತಾರೆ. ಹೆಚ್ಚು ಆವಿ ಏಳುವುದು ಅಲ್ಲಿಂದ. ಆ ಅಂಚುಗಳನ್ನು ನೀರು ಆಧಾರಿತ ವಾರ್ನಿಷ್‌ನಿಂದ ಮುಚ್ಚಿಸಿ. ವಾಸನೆ ಇಳಿಯುವವರೆಗೆ ಮಗಳ ಬಟ್ಟೆ ಅದರಲ್ಲಿ ಬೇಡ.

ಬಾಟಲಿಯೊಳಗೆ ಏನಿದೆ ಎಂದು ತಿಳಿಯಲು ಮುಂಭಾಗದ ಎಲೆ, ಹೂವು, ಹಸಿರು ಬಣ್ಣ ನೋಡಬೇಡಿ. ‘ನೈಸರ್ಗಿಕ’ ಎಂಬ ಪದಕ್ಕೆ ಅಲ್ಲಿ ಬೆಲೆಯಿಲ್ಲ. ಹಿಂಭಾಗದಲ್ಲಿ ಕೆಂಪು ಅಂಚಿನ ವಜ್ರಾಕೃತಿಯ ಚಿಹ್ನೆ ಇದೆಯೇ ನೋಡಿ. ಕೈಯನ್ನೂ ಲೋಹವನ್ನೂ ತಿನ್ನುತ್ತಿರುವ ಹನಿಯ ಚಿತ್ರ ಇದ್ದರೆ ಸುಡುವಂಥದ್ದು. ಎದೆಯ ಮೇಲೆ ನಕ್ಷತ್ರದಂತೆ ಸಿಡಿದ ಮನುಷ್ಯಾಕೃತಿ ಇದ್ದರೆ ದೀರ್ಘಕಾಲದ ಹಾನಿ ಮಾಡಬಲ್ಲದ್ದು. ಇವು ವಿಶ್ವಸಂಸ್ಥೆ ರೂಪಿಸಿದ ಚಿಹ್ನೆಗಳು. ಇನ್ನೂ ಬೇಕೆಂದರೆ ಉತ್ಪನ್ನದ ಸುರಕ್ಷತಾ ಮಾಹಿತಿ ಹಾಳೆಯನ್ನು ಅಂತರಜಾಲದಲ್ಲಿ ಹುಡುಕಿ. ಅದರಲ್ಲಿ 16 ಭಾಗಗಳಿರುತ್ತವೆ. ನೀವು ಓದಬೇಕಾದವು ಎರಡನೆಯದು (ಅಪಾಯಗಳು) ಮತ್ತು ಮೂರನೆಯದು (ಒಳಗಿರುವ ಅಪಾಯಕಾರಿ ರಾಸಾಯನಿಕಗಳು). ಜಾಹೀರಾತು ಬರೆಯುವವರು ಮತ್ತು ಆ ಹಾಳೆ ಬರೆಯುವವರು ಬೇರೆ ಬೇರೆ ಕೋಣೆಯಲ್ಲಿ ಕೂರುತ್ತಾರೆ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ನಗು ಬರುತ್ತದೆ.

ಬಟ್ಟಲುಗಳನ್ನು ಎಸೆಯಬೇಡಿ. ಬಿಸಿಯಾದದ್ದನ್ನು, ಎಣ್ಣೆಯದನ್ನು ಪ್ಲಾಸ್ಟಿಕ್ಕಿಗೆ ಹಾಕದಿದ್ದರೆ, ಮೈಕ್ರೋವೇವ್‌ನಲ್ಲಿ ಇಡದಿದ್ದರೆ ಅರ್ಧ ಚಿಂತೆ ಮುಗಿಯಿತು. ಒಣಪದಾರ್ಥಕ್ಕೆ, ಗುಂಡಿ ದಾರ ಇಡಲು ಅವು ಆಗುತ್ತವೆ. ಬಿಪಿಎ ಎಂದರೆ ಕೆಲವು ಪ್ಲಾಸ್ಟಿಕ್ ತಯಾರಿಸಲು ಬಳಸುವ ರಾಸಾಯನಿಕ; ‘ಬಿಪಿಎ ಇಲ್ಲ’ ಎಂದು ಬರೆದದ್ದರಲ್ಲಿ ಅದರ ಸೋದರಸಂಬಂಧಿ ಬಿಪಿಎಸ್ ಇರಬಹುದು, ಆ ಚೀಟಿಗೆ ಹೆಚ್ಚು ದುಡ್ಡು ಕೊಡಬೇಡಿ. ಬಿಸಿಯದಕ್ಕೆ ಉಕ್ಕು, ಗಾಜು.

ಬೇಡವಾದ ಬಾಟಲಿಗಳಲ್ಲಿ ಫಿನಾಯಿಲ್, ನೆಲದ ದ್ರಾವಣ ಮುಂತಾದವನ್ನು ಬಳಸಿಯೇ ಮುಗಿಸಿ, ಕಿಟಕಿ ತೆರೆದು, ಮಾವನವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ. ಶೌಚಾಲಯದ ಆಮ್ಲವನ್ನೂ ಅದರ ಕೆಲಸಕ್ಕೇ ಬಳಸಿ, ಆ ದಿನ ಬ್ಲೀಚ್ ಬಾಟಲಿ ಆ ಕೋಣೆಗೆ ಬರದಿರಲಿ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದು ಯಾರಿಗೂ ಕೊಡಬೇಡಿ. ಲೇಬಲ್ ಸಮೇತ, ಇದ್ದ ಬಾಟಲಿಯಲ್ಲೇ ಕೊಡಿ. ಕೀಟನಾಶಕದ ಡಬ್ಬಿಯನ್ನು ತೂತು ಮಾಡಬಾರದು, ಬೆಂಕಿಗೆ ಹಾಕಬಾರದು, ಚರಂಡಿಗೂ ಸುರಿಯಬಾರದು. ಅಪಾಯಕಾರಿ ಕಸ ಸಂಗ್ರಹಿಸುವ ಜಾಗಕ್ಕೆ ತಲುಪಿಸಿ. ಇರುವೆಗೆ ಅವು ಬರುವ ಬಿರುಕನ್ನು ಮುಚ್ಚುವುದೇ ಮದ್ದು.

ಜ್ವರಮಾಪಕದೊಳಗೆ ಬೆಳ್ಳಿಯ ಬಣ್ಣದ ಗೆರೆ ಕಂಡರೆ ಅದು ಪಾದರಸ. ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಮೇಲೆ ‘ಪಾದರಸ’ ಎಂದು ಬರೆದು ಅದೇ ಸಂಗ್ರಹದ ಜಾಗಕ್ಕೆ ಕೊಡಿ. ಅಷ್ಟರೊಳಗೆ ಕೈತಪ್ಪಿ ಒಡೆದರೆ ಮಗುವನ್ನು ಎತ್ತಿಕೊಂಡು ಎಲ್ಲರೂ ಆಚೆ ಹೋಗಲಿ, ಕಿಟಕಿ ತೆರೆಯಿರಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಪೊರಕೆ ಗುಂಡುಗಳನ್ನು ಇನ್ನಷ್ಟು ಒಡೆಯುತ್ತದೆ, ವ್ಯಾಕ್ಯೂಮ್ ಆವಿ ಮಾಡಿ ಕೋಣೆಗೆ ಊದುತ್ತದೆ. ಕೈಗವಸು ತೊಟ್ಟು, ಎರಡು ಗಟ್ಟಿ ಕಾಗದದ ನಡುವೆ ಗುಂಡುಗಳನ್ನು ಒಟ್ಟುಗೂಡಿಸಿ, ಸಂದಿಯಲ್ಲಿ ಸಿಕ್ಕಿದ್ದನ್ನು ಅಂಟು ಟೇಪಿನಿಂದ ಎತ್ತಿ, ಎಲ್ಲವನ್ನೂ ಮುಚ್ಚಳದ ಸೀಸೆಗೆ ಹಾಕಿ. ದೀಪ ಆರಿಸಿ ಟಾರ್ಚನ್ನು ನೆಲದ ಮಟ್ಟದಲ್ಲಿ ಹಿಡಿದರೆ ಉಳಿದ ಗುಂಡುಗಳು ಮಿನುಗಿ ಕಾಣುತ್ತವೆ.